ಪಂಚಮದ ಪಕ್ಕದಲ್ಲೊಂದು ಗುಂಯ್

ರಾತ್ರಿ ಹತ್ತರ ಮೇಲೆ ನಮ್ಮ ಮನೆಯಲ್ಲಿ ಸ್ಪೀಕರ್ ಹಾಕುವ ಹಾಗಿಲ್ಲ. ಮೇಲ್ಗಡೆ ಮನೆ ಓನರ್, ಪಕ್ಕದ ರೂಮಿನಲ್ಲಿ ಎಸ್ಸೆಸ್ಸೆಲ್ಸಿ ಮಗಳು. ನನಗೋ ಸಂಗೀತ ಕೇಳಲು ಪುರುಸೊತ್ತು ಸಿಗುವುದೇ ಆ ಹೊತ್ತು. ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವನು ನಾನು. ಜನವರಿ ಬಂತೆಂದರೆ ತೋಟಗಳಿಂದ ಮೂಟೆ ಬರಲು ಶುರು. ಮಾರ್ಚ್ ಮುಗಿಯುವ ತನಕ ಮನೆ ಸೇರುವುದು ಒಂಬತ್ತಕ್ಕೋ ಒಂಬತ್ತೂವರೆಗೋ. ಊಟ ಮುಗಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಒಂದು ಗಂಟೆ ಕಚೇರಿ ಕೇಳಿ ಮಲಗುವುದು ರೂಢಿ.

ಇದು ಅಪ್ಪನಿಂದ ಬಂದ ಚಟ. ನಮ್ಮದು ಅರಕಲಗೂಡು ಕಡೆಯ ಊರು. ಕಾವೇರಿ ದಂಡೆಯ ರುದ್ರಪಟ್ಟಣ ಅಲ್ಲಿಗೆ ಹತ್ತಿರ. ಮನೆಗೊಬ್ಬರು ಹಾಡುವವರಿದ್ದ ಊರು ಅಂತಲೇ ಅಪ್ಪ ಹೇಳುತ್ತಿದ್ದದ್ದು. ಈಗ ಅಲ್ಲಿ ತಂಬೂರಿ ಆಕಾರದ ಮಂದಿರವೇ ಇದೆ. ಆ ಊರಿನಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅಂದರೆ ಅಪ್ಪನಿಗೆ ಪ್ರಾಣ. ರೇಡಿಯೋದಲ್ಲಿ ಅವರ ಹಾಡು ಬಂದರೆ ಒಗ್ಗರಣೆ ಹಾಕುವುದನ್ನೂ ನಿಲ್ಲಿಸಬೇಕಿತ್ತು. ಚಟಪಟ ಸದ್ದಾಗುತ್ತೆ ಅಲ್ವಾ, ಅದಕ್ಕೆ.

ಒಂದು ಜನವರಿಯಲ್ಲಿ ಇಯರ್‌ಫೋನ್‌ನ ಎಡಗಿವಿ ಸತ್ತಿತು. ಈ ಸಲ ಒಳ್ಳೆಯದನ್ನೇ ತಗೊಳ್ಳೋಣ ಅಂದುಕೊಂಡೆ. ಬೋನಸ್ ದುಡ್ಡಿನಲ್ಲಿ ಇಪ್ಪತ್ತು ಸಾವಿರ ಎತ್ತಿಟ್ಟು ಓದಲು ಕೂತೆ. ಓದಿದ್ದೇ ತಪ್ಪಾಯಿತು. ಎಲ್ಲಿ ನೋಡಿದರೂ ಓಮ್, ಓಮ್. ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ ಅದು. ಸೆನ್‌ಹೈಸರ್ ಎಚ್‌ಡಿ 600 ಅಂತ ಒಂದಿದೆ, 1997ರಲ್ಲಿ ಬಂದದ್ದು, ಅದು 300 ಓಮ್. ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ 250 ಓಮ್. ಇಂಥವನ್ನು ಫೋನ್ ಓಡಿಸಲ್ಲ, ಆಂಪ್ಲಿಫೈಯರ್ ಬೇಕೇ ಬೇಕು ಅಂತ ಎಲ್ಲರೂ ಹೇಳುವವರೇ. ನನಗೆ ಹೆದರಿಕೆಯಾಯಿತು. ಹೆಡ್‌ಫೋನ್ ಯಾವುದು ಅಂತ ಗೊತ್ತಾಗುವ ಮೊದಲೇ ಆಂಪ್ಲಿಫೈಯರ್ ತರಿಸಿಬಿಟ್ಟೆ. ಎಮ್ಮೆ ಕೊಳ್ಳುವ ಮೊದಲು ಹಗ್ಗ ಕೊಂಡ ಹಾಗೆ.

ಅದು ಟ್ಯೂಬ್ ಆಂಪ್. ಹಳೇ ವಾಲ್ವ್ ರೇಡಿಯೋದಲ್ಲಿ ಇರುತ್ತಿದ್ದಂಥ ಎರಡು ಗಾಜಿನ ಬುರುಡೆ, ಒಳಗೆ ಕಿತ್ತಳೆ ಬಣ್ಣದ ಬೆಳಕು. ನಾಲ್ಕೂವರೆ ಸಾವಿರ ಕೊಟ್ಟೆ. ನಿಜ ಹೇಳಬೇಕೆಂದರೆ ಆ ಬೆಳಕಿಗೇ ಕೊಟ್ಟಿದ್ದು. ಭಾವಮೈದನ ಹಳೇ 32 ಓಮ್‌ನ ಹೆಡ್‌ಫೋನ್ ಇತ್ತು. ಅದನ್ನು ಚುಚ್ಚಿ ಕೇಳಿದರೆ ಮೃದಂಗದ ಎಡಗಡೆ ಗುಮ್ಮ್ ಅಂತ ಹಲಸಿನಹಣ್ಣಿನ ಹಾಗೆ ಊದಿಕೊಂಡು ಬಂತು. ‘ಆಹಾ, ಇದಪ್ಪಾ ಟ್ಯೂಬ್ ಸೌಂಡು’ ಅಂದುಕೊಂಡೆ. ಎರಡು ವಾರ ಖುಷಿಯಾಗಿಯೇ ಇದ್ದೆ.

ಆ ಖುಷಿಗೆ ಕಾರಣ ಏನು ಅಂತ ಗೊತ್ತಾಗಿದ್ದು ಆಮೇಲೆ. ಹೇಳಿದವರು ನಮ್ಮ ಬೀದಿ ಕೊನೆಯ ಮೈಕ್‌ಸೆಟ್ ಅಂಗಡಿಯವರು. ಮೂವತ್ತು ವರ್ಷದಿಂದ ಜಾತ್ರೆ, ಮದುವೆ, ಗಣಪತಿ, ರಾಜಕೀಯ ಭಾಷಣ ಎಲ್ಲಕ್ಕೂ ಹಾರ್ನ್ ಕಟ್ಟಿದವರು. ಒಂದು ಭಾನುವಾರ ಆಂಪ್ ಹಿಡಿದುಕೊಂಡು ಅವರ ಅಂಗಡಿಗೆ ಹೋದೆ.

‘ಅಣ್ಣ, ಇದರ ಔಟ್‌ಪುಟ್ ಇಂಪಿಡೆನ್ಸ್ ಎಷ್ಟು ಅಂತ ಎಲ್ಲೂ ಬರೆದಿಲ್ಲ. ಅದು ಮುಖ್ಯಾನಾ?’

‘ಮುಖ್ಯಾನೇ ಸಾರ್. ಬರೆದಿಲ್ಲ ಅಂದ್ರೆ ಜಾಸ್ತಿ ಇದೆ ಅಂತ ಇಟ್ಕೊಳಿ.’

ಅವರು ಹೇಳಿದ್ದನ್ನು ನಾನು ನನ್ನ ಭಾಷೆಗೆ ತಂದುಕೊಂಡದ್ದು ಹೀಗೆ. ಕಾಫಿ ತೋಟದಲ್ಲಿ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸುತ್ತಾರೆ. ಜೆಟ್ ಹಾರಬೇಕೆಂದರೆ ಪ್ರೆಷರ್ ಬೇಕು, ನೀರು ಅಷ್ಟೇನೂ ಬೇಡ. ಗದ್ದೆಗೆ ನೀರು ಕಟ್ಟುವುದು ಬೇರೆ ಲೆಕ್ಕ. ಅಲ್ಲಿ ಪ್ರೆಷರ್ ಇಲ್ಲದಿದ್ದರೂ ನಡೆಯುತ್ತೆ, ನೀರು ಮಾತ್ರ ಧಾರಾಳವಾಗಿ ಹರಿಯಬೇಕು. 300 ಓಮ್‌ನ ಹೆಡ್‌ಫೋನ್ ಜೆಟ್ ಇದ್ದ ಹಾಗೆ: ವೋಲ್ಟೇಜ್ ಕೇಳುತ್ತೆ, ಕರೆಂಟ್ ಸ್ವಲ್ಪ ಸಾಕು. ಓಮ್ ಕಮ್ಮಿ ಇರುವುದು ಗದ್ದೆ ಇದ್ದ ಹಾಗೆ. ಕೊಡುವ ಪೈಪೇ ಸಣ್ಣದಾಗಿದ್ದರೆ ಗದ್ದೆಗೆ ನೀರು ಸಾಲುವುದಿಲ್ಲ. ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್ ಅಂದರೆ ಆ ಪೈಪಿನ ಇಕ್ಕಟ್ಟು.

ಇಕ್ಕಟ್ಟಾದರೆ ಬಾಸ್ ಯಾಕೆ ಊದಿಕೊಳ್ಳಬೇಕು? ಹೆಡ್‌ಫೋನ್‌ನ 32 ಓಮ್ ಅನ್ನುವುದು ಎಲ್ಲ ಸ್ವರಕ್ಕೂ ಒಂದೇ ಅಲ್ಲ. ಕೋನ್ ಅಲುಗಾಡಿ ಸದ್ದು ಮಾಡುವ ಸಾಧಾರಣ ಡೈನಾಮಿಕ್ ಹೆಡ್‌ಫೋನ್‌ಗಳಲ್ಲಿ ಕೆಳಗಿನ ಸ್ವರಗಳ ಹತ್ತಿರ ಒಂದು ಕಡೆ ಅದು ಗುಡ್ಡದ ಹಾಗೆ ಏರುತ್ತೆ. ಆಂಪ್‌ನ ಇಂಪಿಡೆನ್ಸ್ ಜಾಸ್ತಿ ಇದ್ದರೆ ಆ ಗುಡ್ಡದ ಜಾಗಕ್ಕೆ ಬೇರೆ ಸ್ವರಗಳಿಗಿಂತ ಹೆಚ್ಚು ವೋಲ್ಟೇಜ್ ಸಿಗುತ್ತೆ. ಮೃದಂಗ ಊದಿಕೊಳ್ಳುವುದು ಅದಕ್ಕೇ. ಹೆಡ್‌ಫೋನ್ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಆಂಪ್‌ನದು ಕಮ್ಮಿ ಇರಲಿ ಅನ್ನುವುದು ವಾಡಿಕೆಯ ಲೆಕ್ಕ. 32ಕ್ಕೆ 4 ಓಮ್. ನಾನು ಮೆಚ್ಚಿಕೊಂಡಿದ್ದು ಟ್ಯೂಬಿನ ಗುಣ ಅಲ್ಲ, ಹೊಂದದೇ ಇರುವ ಜೋಡಿಯನ್ನು.

ಹೆಡ್‌ಫೋನ್ ಮಾತ್ರ ಕೇಳದೆ ಕೊಳ್ಳಬಾರದು ಅಂತ ಆಗಲೇ ತೀರ್ಮಾನ ಮಾಡಿದೆ. ಹಾಸನದಲ್ಲಿ ಬಿ.ಎಂ. ರೋಡ್ ಉದ್ದಕ್ಕೂ ವಿಚಾರಿಸಿದೆ. ಸಿಕ್ಕಿದ್ದು ಬ್ಲೂಟೂತ್, ಇಲ್ಲಾಂದರೆ ಹುಡುಗರು ಗೇಮ್ ಆಡುವ, ಬಣ್ಣಬಣ್ಣದ ಲೈಟ್ ಇರುವ ಹೆಡ್‌ಸೆಟ್. ಒಬ್ಬರಂತೂ ‘ವೈರ್ ಇರೋದಾ ಸಾರ್? ಈಗ್ಯಾರು ತಗೋತಾರೆ?’ ಅಂತ ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು. ಫೆಬ್ರವರಿಯ ಎರಡನೇ ಶನಿವಾರ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುವ ರೈಲು ಹತ್ತಿ ಬೆಂಗಳೂರಿಗೆ ಹೋದೆ.

ಅಲ್ಲಿನ ಅಂಗಡಿಯ ಹುಡುಗ ಒಳ್ಳೆಯವನೇ. ಆದರೆ ಅವನು ಹಾಕುವ ಹಾಡುಗಳು ಎಲ್ಲಾ ಹೆಡ್‌ಫೋನ್‌ನಲ್ಲೂ ಚೆನ್ನಾಗಿಯೇ ಕೇಳುತ್ತವೆ. ಗಾಜಿನ ಲೋಟ ಉರುಳಿದ ಹಾಗೆ, ವಿಮಾನ ಹಾದುಹೋದ ಹಾಗೆ. ನಾನು ಪೆನ್‌ಡ್ರೈವ್‌ನಲ್ಲಿ ನನ್ನದೇ ತಂದಿದ್ದೆ: ಒಂದು ಕಚೇರಿ, ಅದರಲ್ಲಿ ಆಲಾಪನೆಗೆ ಮೊದಲು ಇಪ್ಪತ್ತು ಸೆಕೆಂಡ್ ಬರೀ ತಂಬೂರಿ. ಹುಡುಗ ಪಾಪ ಆ ಇಪ್ಪತ್ತು ಸೆಕೆಂಡನ್ನು ಮತ್ತೆ ಮತ್ತೆ ಹಾಕಿ ಸುಸ್ತಾದ.

ತಂಬೂರಿಗಿಂತ ಕಠಿಣ ಪರೀಕ್ಷೆ ಇಲ್ಲ ಅನ್ನುವುದು ನನ್ನ ಅನುಭವ. ತಂತಿಗೂ ಅದನ್ನು ಹೊತ್ತ ಕುದುರೆ ಅನ್ನುವ ಕಟ್ಟೆಗೂ ನಡುವೆ ಒಂದು ಎಳೆ ನೂಲು ಸಿಕ್ಕಿಸಿರುತ್ತಾರೆ. ಆ ನೂಲು ಸರಿಯಾದ ಜಾಗದಲ್ಲಿ ಕೂತರೆ ತಂತಿ ಸುಮ್ನೆ ಮಿಡಿಯುವುದಿಲ್ಲ, ಝೇಂಕರಿಸುತ್ತೆ. ಒಂದು ಷಡ್ಜ ಮೀಟಿದರೆ ಅದರ ಮೇಲೆ ಪಂಚಮ, ಗಾಂಧಾರ ಎಲ್ಲ ಒಂದರ ಹಿಂದೊಂದು ಏಳುತ್ತವೆ. ಹೆಡ್‌ಫೋನ್ ಎಲ್ಲಿ ಎತ್ತಿ ತೋರಿಸಿದರೂ, ಎಲ್ಲಿ ಅದುಮಿದರೂ ಆ ಏಣಿಯಲ್ಲಿ ಒಂದು ಮೆಟ್ಟಿಲು ಉಬ್ಬುತ್ತೆ ಅಥವಾ ಮುರಿಯುತ್ತೆ.

ಆಡಿಯೋ-ಟೆಕ್ನಿಕಾ ಎಂ50ಎಕ್ಸ್ ಹಾಕಿಕೊಂಡೆ. ಕ್ಲೋಸ್ಡ್, ಅಂದರೆ ಕಿವಿ ಬಟ್ಟಲಿನ ಹಿಂಬದಿ ಮುಚ್ಚಿದ್ದು, 38 ಓಮ್, ಹೊರಗಿನ ಗಲಾಟೆ ತಡೆಯುತ್ತೆ. ಆದರೆ ನನಗೆ ಬಾಗಿಲು ಹಾಕಿದ ರೂಮಿನಲ್ಲಿ ಕೂತ ಹಾಗಾಯಿತು. ಡಿಟಿ 990 ಪ್ರೊ ಓಪನ್, ಹಿಂಬದಿ ತೆರೆದದ್ದು, ಮೇಲಿನ ಸ್ವರಗಳು ಬೆಳಗಿದ ತಂಬಿಗೆ ಥರ ಫಳಫಳ. ಅದೇ ಬೇಕು ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಕಿವಿಗೆ ಪಿಟೀಲು ಮತ್ತು ತಾಳ ಒಂದು ಗಂಟೆ ತಡೆಯಲಿಕ್ಕಿಲ್ಲ ಅನ್ನಿಸಿತು. ಹೈಫೈಮನ್ ಎಚ್‌ಇ400ಎಸ್‌ಇ ಅಂತ ಇನ್ನೊಂದು. ಅದರಲ್ಲಿ ಕೋನ್ ಇಲ್ಲ, ಅಯಸ್ಕಾಂತಗಳ ಮುಂದೆ ತೆಳ್ಳಗಿನ ಹಾಳೆ ಅಲುಗಾಡುತ್ತೆ, ಪ್ಲೇನಾರ್ ಅನ್ನುತ್ತಾರೆ. ಬಹಳ ಹಿಡಿಸಿತು. ಆದರೆ ಇದೇ ಗದ್ದೆಯ ಗಿರಾಕಿ: ಓಮ್ ಸಣ್ಣದು, ಸೆನ್ಸಿಟಿವಿಟಿ, ಅಂದರೆ ಎಷ್ಟು ಜೋರಾಗಿ ಕೇಳುತ್ತೆ ಅನ್ನುವ ಅಂಕಿ, 91 ಡೆಸಿಬಲ್ ಮಾತ್ರ, ಕರೆಂಟ್ ಕೇಳುತ್ತೆ. ನನ್ನ ಆಂಪ್ ನೆನೆದು ಕೆಳಗಿಟ್ಟೆ.

ಕೊನೆಗೆ ತಂದದ್ದು ಸೆನ್‌ಹೈಸರ್ ಎಚ್‌ಡಿ 560ಎಸ್. ಓಪನ್, 120 ಓಮ್. ತಂಬೂರಿಯಲ್ಲಿ ಏನನ್ನೂ ಎತ್ತಿ ತೋರಿಸಲಿಲ್ಲ. ಕನ್ನಡಕದ ಮೇಲೂ ಹಿತವಾಗಿ ಕೂತಿತು. ಎರಡನೆಯದೂ ಸಣ್ಣ ಕಾರಣ ಅಲ್ಲ, ಕನ್ನಡಕದವರಿಗೆ ಗೊತ್ತು.

ರೈಲಿನಲ್ಲಿ ವಾಪಸ್ ಬರುವಾಗ ಡಬ್ಬಿಯ ಮೇಲಿನ ಅಂಕಿ ಓದಿದೆ. ಲೆಕ್ಕ ಬರೆಯುವವನ ಚಟ ಹೋಗುತ್ತಾ? ಹೆಡ್‌ಫೋನ್ ಎಷ್ಟು ಜೋರಾಗಿ ಕೇಳುತ್ತೆ ಅನ್ನುವುದನ್ನು ಕೆಲವರು 1 ಮಿಲಿವಾಟ್‌ಗೆ ಇಷ್ಟು ಡೆಸಿಬಲ್ ಅಂತ ಬರೆಯುತ್ತಾರೆ, ಕೆಲವರು 1 ವೋಲ್ಟ್‌ಗೆ ಇಷ್ಟು ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೋಸ ಹೋಗುತ್ತೇವೆ, ಸೇರಿನ ರೇಟನ್ನೂ ಕಿಲೋ ರೇಟನ್ನೂ ಹೋಲಿಸಿದ ಹಾಗೆ. ಡಿಟಿ 990 ಪ್ರೊದ ಅಂಕಿ 96, ಆದರೆ ಮಿಲಿವಾಟ್‌ಗೆ. 250 ಓಮ್‌ಗೆ 1 ವೋಲ್ಟ್ ಕೊಟ್ಟರೆ 4 ಮಿಲಿವಾಟ್ ಆಗುತ್ತೆ, ಪವರ್ ದುಪ್ಪಟ್ಟಾದಾಗಲೆಲ್ಲ 3 ಡೆಸಿಬಲ್, ಅಲ್ಲಿಗೆ 102. ನನ್ನದು 1 ವೋಲ್ಟ್‌ಗೆ 110. ಫೋನಿಗೆ ಸಿಕ್ಕಿಸಿ ಹೆಡ್‌ಫೋನ್ ಚುಚ್ಚುವ ಬೆರಳುದ್ದದ ಡಾಂಗಲ್‌ಗಳಲ್ಲಿ ಬಹಳಷ್ಟು 1 ವೋಲ್ಟ್ ಆಸುಪಾಸು ಕೊಡುತ್ತವೆ. ನಾನು ಕೇಳುವುದು 70, 75 ಡೆಸಿಬಲ್‌ನಲ್ಲಿ. ಮೃದಂಗ ಒಂದೇ ನುಡಿಯುವ ತನಿ ಆವರ್ತನದ ಮುಕ್ತಾಯಕ್ಕೆ ಅದರ ಮೇಲೆ 20 ಬಿಟ್ಟುಕೊಂಡರೂ 95. 85 ಡೆಸಿಬಲ್ ಅನ್ನು ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ಕೇಳಬಾರದು, ಅದರ ಮೇಲೆ ಪ್ರತಿ 3ಕ್ಕೂ ಹೊತ್ತು ಅರ್ಧ ಅನ್ನುತ್ತಾರೆ. ಅಂದ ಮೇಲೆ 110 ತಗೊಂಡು ನಾನೇನು ಮಾಡಲಿ? ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಆಂಪ್‌ನ ನಾಲ್ಕೂವರೆ ಸಾವಿರ ನಷ್ಟದ ಕಾಲಂಗೆ ಹೋಯಿತು.

ಆದರೂ ಮನಸ್ಸು ಒಪ್ಪಬೇಕಲ್ಲ. ಮನೆಗೆ ಬಂದು ಲ್ಯಾಪ್‌ಟಾಪಿಗೆ ಸೇರಿಸಿದ್ದ ಟ್ಯೂಬ್ ಆಂಪ್‌ಗೇ ಚುಚ್ಚಿದೆ. ಡಾಂಗಲ್‌ಗಿಂತ ಚೆನ್ನಾಗಿಯೇ ಕೇಳಿತು! ಇನ್ನೂ ತುಂಬಿದ ದನಿ, ಇನ್ನೂ ಹತ್ತಿರ. ಸರಿ, ಲೆಕ್ಕಕ್ಕೆ ಸಿಗದ್ದು ಏನೋ ಇದೆ ಅಂದುಕೊಂಡು ಒಂದು ತಿಂಗಳು ಹಾಗೇ ಕೇಳಿದೆ.

ಮಾರ್ಚ್ ಕೊನೆಯ ವಾರ. ನನ್ನಾಕೆ ಒಂದು ರಾತ್ರಿ ‘ಏನದು ಅಷ್ಟೊಂದು ಕೇಳ್ತೀರಿ, ಕೊಡಿ ಇಲ್ಲಿ’ ಅಂತ ಹೆಡ್‌ಫೋನ್ ಹಾಕಿಕೊಂಡಳು. ಅವಳು ಮದುವೆಗೆ ಮುಂಚೆ ಎಂಟು ವರ್ಷ ವೀಣೆ ಕಲಿತವಳು. ಅದೇ ಕಚೇರಿ ಹಾಕಿದೆ. ತಂಬೂರಿ ಶುರುವಾಯಿತು. ಕಣ್ಣು ಮುಚ್ಚಿಕೊಂಡಳು. ಹತ್ತು ಸೆಕೆಂಡ್‌ಗೆ ಹುಬ್ಬು ಗಂಟಿಕ್ಕಿದಳು.

‘ರೀ, ಪಂಚಮ ಅಲುಗಾಡ್ತಿದೆ.’

‘ತಂಬೂರಿ ಅಲ್ವಾ, ಅದು ಹಾಗೇ.’

‘ತಂಬೂರಿ ನನಗೆ ಹೇಳಿಕೊಡಬೇಡಿ. ಪಕ್ಕದಲ್ಲಿ ಇನ್ನೊಂದಿದೆ. ಒಂಚೂರು ಮೇಲೆ. ವೂಂವ್, ವೂಂವ್ ಅಂತ ಅಲೆ ಬರ್ತಿದೆ ನೋಡಿ.’

ಹಾಡು ನಿಲ್ಲಿಸು ಅಂದಳು. ನಿಲ್ಲಿಸಿದೆ. ಹೆಡ್‌ಫೋನ್ ನನ್ನ ಕಿವಿಗೆ ಇಟ್ಟಳು. ತಂಬೂರಿ ಹೋದ ಮೇಲೂ ಒಂದು ಗುಂಯ್ ಹಾಗೇ ಇತ್ತು. ಒಂದು ತಿಂಗಳಿಂದ ನಾನು ಅದನ್ನೂ ಸೇರಿಸಿಕೊಂಡು ‘ತುಂಬಿದ ದನಿ’ ಅಂತ ಮೆಚ್ಚಿಕೊಂಡಿದ್ದೆ.

ಮಾರನೇ ದಿನ ಮೈಕ್‌ಸೆಟ್ ಅಣ್ಣನಿಗೆ ಹೇಳಿದರೆ ಅವರು ನಗಲಿಲ್ಲ, ಲೆಕ್ಕ ಹಾಕಿದರು. ನಮ್ಮ ಲೈನಿನ ಕರೆಂಟ್ 50 ಹರ್ಟ್ಸ್. ಅದರ ಗುಂಯ್‌ನಲ್ಲಿ ಕಿವಿಗೆ ಚೆನ್ನಾಗಿ ಬೀಳುವುದು ಅದರ ದುಪ್ಪಟ್ಟು, 100. ಆ ಕಚೇರಿ ಬಿಳಿ ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಬಿಳಿ ಮನೆಯ ಶ್ರುತಿಯದು, ಅದರ ತಂಬೂರಿಯ ಪಂಚಮದ ತಂತಿ 98ರ ಹತ್ತಿರ. 98ಕ್ಕೂ 100ಕ್ಕೂ ಜಗಳ ಬಿದ್ದರೆ ಸೆಕೆಂಡಿಗೆ ಎರಡು ಅಲೆ. ನನ್ನಾಕೆ ಕೈಯಾಡಿಸಿ ತೋರಿಸಿದ್ದೂ ಹೆಚ್ಚುಕಮ್ಮಿ ಅದೇ ಲಯದಲ್ಲಿ.

‘ಚಾರ್ಜರ್ ಕಿತ್ತು ನೋಡಿದ್ರಾ ಸಾರ್?’

ನೋಡಿರಲಿಲ್ಲ. ಅವತ್ತು ರಾತ್ರಿ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತೆ. ಗುಂಯ್ ಟಕ್ ಅಂತ ನಿಂತಿತು. ಸಿಕ್ಕಿಸಿದೆ, ಬಂತು. ಲ್ಯಾಪ್‌ಟಾಪ್‌ನ ಮೈ ಮುಟ್ಟಿದರೆ ಬೆರಳಲ್ಲಿ ಸಣ್ಣಗೆ ಜುಮ್ ಅನ್ನುವುದು ಎಷ್ಟೋ ದಿನದಿಂದ ಇತ್ತು. ಚಳಿಗೆ ಅಂದುಕೊಂಡಿದ್ದೆ, ನೋಡಿ ನನ್ನ ಬುದ್ಧಿ.

ಅರ್ಥಿಂಗ್ ಸತ್ತಿತ್ತು. ಚಾರ್ಜರ್‌ನಿಂದ ಚೂರೇ ಚೂರು ಕರೆಂಟ್ ಸೋರುತ್ತಲೇ ಇರುತ್ತೆ, ಮೂರನೇ ಪಿನ್ ಹಿಡಿದು ಭೂಮಿಗೆ ಹೋಗುತ್ತೆ. ಆ ದಾರಿ ಮುಚ್ಚಿದರೆ ಅದು ಆಡಿಯೋ ಕೇಬಲ್ ಹಿಡಿದು ಆಂಪ್‌ಗೆ ಬರುತ್ತೆ. ಓನರ್‌ಗೆ ಇದನ್ನು ವಿವರಿಸುವುದು ಹೇಗೆ? ‘ಪಂಚಮ ಅಲುಗಾಡ್ತಿದೆ ಸಾರ್’ ಅಂದರೆ ಮನೆ ಖಾಲಿ ಮಾಡಿಸುತ್ತಾರೆ. ‘ಫ್ರಿಜ್ ಶಾಕ್ ಹೊಡೀತಿದೆ’ ಅಂದೆ. ಸುಳ್ಳೇನಲ್ಲ, ಅದೂ ಒಂದು ದಿನ ಹೊಡೆಯಬಹುದಿತ್ತು. ಮಧ್ಯಾಹ್ನಕ್ಕೆ ಎಲೆಕ್ಟ್ರಿಷಿಯನ್ ಬಂದರು.

ಕಾಂಪೌಂಡ್ ಮೂಲೆಯಲ್ಲಿ, ಕರಿಬೇವಿನ ಗಿಡದ ಕೆಳಗೆ ಅರ್ಥ್ ಗುಂಡಿ. ಮೇಲಿನ ಚಪ್ಪಡಿ ಎತ್ತಿದರೆ ಒಳಗೆ ಮಣ್ಣು ಬೂದಿಯ ಹಾಗೆ ಒಣಗಿ ಪೈಪಿನ ಸುತ್ತ ಬಿರುಕು ಬಿಟ್ಟಿತ್ತು. ಪೈಪಿಗೆ ತಂತಿ ಕಟ್ಟಿದ್ದ ಕ್ಲಾಂಪ್ ತುಕ್ಕು ಹಿಡಿದು, ಕೈಯಲ್ಲಿ ಮುಟ್ಟಿದರೆ ಪುಡಿಯಾಗಿ ಉದುರಿತು. ಅವರು ಹೊಸ ಕ್ಲಾಂಪ್ ಹಾಕಿ, ಉಪ್ಪು ಇದ್ದಿಲು ತುಂಬಿ, ನನ್ನ ಕೈಯಲ್ಲಿ ಎಂಟು ಬಿಂದಿಗೆ ನೀರು ಹೊಯ್ಯಿಸಿದರು. ಒಂದೊಂದು ಬಿಂದಿಗೆಯನ್ನೂ ಮಣ್ಣು ಸೊರ್ ಅಂತ ಎಳೆದುಕೊಂಡಿತು. ‘ಬೇಸಿಗೇಲಿ ವಾರಕ್ಕೊಂದು ಸಲ ಹಾಕ್ತಿರಿ ಸಾರ್’ ಅಂದರು.

ರಾತ್ರಿ ಕೂತು ಕೇಳಿದರೆ ಗುಂಯ್ ಮುಕ್ಕಾಲು ಪಾಲು ಹೋಗಿತ್ತು. ಉಳಿದ ಕಾಲು ಪಾಲು, ಆಂಪ್‌ನ ಅಡಾಪ್ಟರ್ ಮತ್ತು ಲ್ಯಾಪ್‌ಟಾಪ್ ಚಾರ್ಜರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದಾಗ ಹೋಯಿತು. ಅದುವರೆಗೆ ಒಂದು ಹಾಲ್‌ನಲ್ಲಿ, ಇನ್ನೊಂದು ರೂಮಿನಲ್ಲಿ ಇತ್ತು.

ಇನ್ನು ಉಳಿದದ್ದು ಆಂಪೋ ಡಾಂಗಲ್ಲೋ ಅನ್ನುವ ಪ್ರಶ್ನೆ. ಮಗಳ ಪರೀಕ್ಷೆ ಮುಗಿದ ಭಾನುವಾರ ಮೈಕ್‌ಸೆಟ್ ಅಣ್ಣನನ್ನು ಕಾಫಿಗೆ ಕರೆದೆ. ಮಲ್ಟಿಮೀಟರ್ ತನ್ನಿ ಅಂದೆ. ನನ್ನ ಹತ್ತಿರ ಹಳದಿ ಬಣ್ಣದ ಅಗ್ಗದ ಮೀಟರ್ ಇದೆ, ಆದರೆ ಅದರಲ್ಲಿ ಎಸಿಗೆ 200 ವೋಲ್ಟ್‌ಗಿಂತ ಕೆಳಗಿನ ರೇಂಜೇ ಇಲ್ಲ. ಗೋಡೆಯ ಕರೆಂಟ್ ಅಳೆಯಲು ಸರಿ, ಕಿವಿಯ ಕರೆಂಟ್‌ಗೆ ಆಗಲ್ಲ. ಅವರದರಲ್ಲಿ 2 ವೋಲ್ಟ್ ರೇಂಜ್ ಇತ್ತು.

ಬಂದವರು ಮೊದಲು ನೋಡಿದ್ದು ಹೆಡ್‌ಫೋನ್‌ನ ದಪ್ಪ ಪಿನ್ನು. ‘ಇದು ನಮ್ಮ ಪಿ-38 ಜ್ಯಾಕ್ ಅಲ್ವಾ ಸಾರ್!’ ಮೈಕ್‌ಸೆಟ್‌ನವರು ಪಿ-38 ಅನ್ನುವುದು 6.35 ಮಿಲಿಮೀಟರ್ ಜ್ಯಾಕ್‌ಗೆ. ಫೋನಿನ ಸಣ್ಣದು ಇಪಿ ಜ್ಯಾಕ್. ಹಳೇ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್ ಕೂಡಿಸಲು ಚುಚ್ಚುತ್ತಿದ್ದ ಪಿನ್ನೇ ಈ ದಪ್ಪ ಜ್ಯಾಕ್‌ನ ಅಜ್ಜ. ಆಮೇಲೆ ವಾಟ್ ಎಷ್ಟು ಅಂದರು. ಹೇಳಿದೆ: 120 ಓಮ್‌ಗೆ 1 ವೋಲ್ಟ್ ಪೂರ್ತಿ ಕೊಟ್ಟರೂ ಎಂಟು ಮಿಲಿವಾಟ್ ಚಿಲ್ಲರೆ. 250 ವಾಟ್‌ನ ಆಂಪ್ಲಿಫೈಯರ್ ಟೆಂಪೋದಲ್ಲಿ ಹೇರಿಕೊಂಡು ಓಡಾಡುವವರು ‘ಮಿಲಿನಾ?’ ಅಂತ ಎರಡು ಸಲ ಕೇಳಿದರು.

ಒಂದೇ ಸಮನೆ ಊದುವ 200 ಹರ್ಟ್ಸ್‌ನ ಸ್ವರ ಹಾಕಿದೆವು. ಕವಲು ಕೇಬಲ್‌ನ ಒಂದು ಕಾಲಿಗೆ ಹೆಡ್‌ಫೋನ್, ಇನ್ನೊಂದಕ್ಕೆ ಮೀಟರ್‌ನ ಕಡ್ಡಿ. ಡಾಂಗಲ್‌ನಲ್ಲಿ 0.30 ವೋಲ್ಟ್‌ಗೆ ನಿಲ್ಲಿಸಿದೆವು. ಆಂಪ್ ನಡುವೆ ಸೇರಿಸಿ, ನಾನು ದಿನಾ ಇಡುತ್ತಿದ್ದ ಜಾಗಕ್ಕೆ ಗುಂಡಿ ತಿರುಗಿಸಿದರೆ ಮೀಟರ್ 0.43 ತೋರಿಸಿತು. ಹತ್ತಿರ ಹತ್ತಿರ 3 ಡೆಸಿಬಲ್ ಜಾಸ್ತಿ. ಜೋರು ಅಂತ ಗೊತ್ತಾಗದಷ್ಟು, ಆದರೆ ಚೆನ್ನಾಗಿದೆ ಅನ್ನಿಸುವಷ್ಟು. ಆಂಪ್‌ನ ಗುಂಡಿಯನ್ನು ಇಂಚಿಂಚೇ ಇಳಿಸಿ 0.30ಕ್ಕೆ ತಂದೆವು.

ನಾನು ಗೋಡೆ ಕಡೆ ತಿರುಗಿ ಕೂತೆ. ಮಗಳು ನಾಣ್ಯ ಚಿಮ್ಮಿ, ಪಿನ್ ಬದಲಾಯಿಸಿ, ‘ಹೂಂ ಅಪ್ಪ, ಹೇಳು’ ಅನ್ನುತ್ತಿದ್ದಳು. ಹದಿನಾರು ಸಲ. ಮೊದಲ ನಾಲ್ಕಕ್ಕೆ ಎದೆ ತಟ್ಟಿ ಹೇಳಿದೆ. ಆರನೆಯದಕ್ಕೆ ಬೆವರು ಬಂತು. ಹತ್ತರ ಮೇಲೆ ಸುಮ್ನೆ ಬಾಯಿಗೆ ಬಂದದ್ದು. ಒಂಬತ್ತು ಸರಿ, ಏಳು ತಪ್ಪು. ನಾಣ್ಯವೇ ಉತ್ತರ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಮಗಳು ಪುಸ್ತಕದ ಹಾಳೆಯಲ್ಲಿ ‘9/16’ ಅಂತ ಬರೆದು ಕೆಳಗೆ ಟೀಚರ್ ಥರ ಸೈನ್ ಮಾಡಿ ಕೊಟ್ಟಳು.

ಎಚ್‌ಇ400ಎಸ್‌ಇ ತಂದಿದ್ದರೆ ಕಥೆ ಬೇರೆ ಇರುತ್ತಿತ್ತು, ಗಟ್ಟಿ ಕರೆಂಟ್ ಕೊಡುವ ಆಂಪ್ ಬೇಕಾಗುತ್ತಿತ್ತು. ನನ್ನ ಹೆಡ್‌ಫೋನಿಗೆ, ನಾನು ಕೇಳುವಷ್ಟು ಸದ್ದಿಗೆ, ಬೆರಳುದ್ದದ ಡಾಂಗಲ್ ಸಾಕು. ಟ್ಯೂಬ್ ಆಂಪ್ ಏನು ಮಾಡಲಿ ಅಂದೆ. ಅಣ್ಣ ಆಗಲೇ ಅದರ ತಳದ ಸ್ಕ್ರೂ ಬಿಚ್ಚಿದ್ದರು. ಎರಡೂ ಬುರುಡೆಯ ಕೆಳಗೆ ಒಂದೊಂದು ಕಿತ್ತಳೆ ಎಲ್‌ಇಡಿ. ‘ಟ್ಯೂಬು ಇಷ್ಟೆಲ್ಲ ಉರಿಯಲ್ಲ ಸಾರ್, ಲೈಟ್ ಬಿಟ್ಟಿದಾರೆ’ ಅಂದರು. ಮಗಳು ರೂಮಿಗೆ ಅದೇ ಇರಲಿ ಅಂತ ಎತ್ತಿಕೊಂಡು ಹೋದಳು.

ಅವರು ಹೊರಡುವ ಮೊದಲು ‘ಒಂಚೂರು ಕೇಳಿ ಅಣ್ಣ’ ಅಂತ ಹೆಡ್‌ಫೋನ್ ಕೊಟ್ಟೆ. ಅಪ್ಪ ನಮ್ಮೂರ ರಾಮೋತ್ಸವದಲ್ಲಿ ಕ್ಯಾಸೆಟ್‌ಗೆ ಹಿಡಿದಿಟ್ಟಿದ್ದ ಕಚೇರಿ ಹಾಕಿದೆ. ತುಂಬಾ ಸೊರಗುಟ್ಟುವ ಕ್ಯಾಸೆಟ್ ಅದು. ಮೂವತ್ತು ವರ್ಷ ಹಾರ್ನ್ ಕೆಳಗೆ ಕಳೆದ ಮನುಷ್ಯ, ಎರಡು ನಿಮಿಷಕ್ಕೆ ತೆಗೆದಿಡುತ್ತಾರೆ ಅಂದುಕೊಂಡಿದ್ದೆ. ಇಪ್ಪತ್ತು ನಿಮಿಷ ಕೂತರು. ಕಾಫಿ ಮೇಲೆ ಕೆನೆ ಕಟ್ಟಿತು. ಆಮೇಲೆ ಒಂದು ಕಿವಿ ಸರಿಸಿ, ಯಾರಿಗೋ ಕೇಳಿಸಬಾರದು ಅನ್ನುವ ಹಾಗೆ ಮೆಲ್ಲಗೆ ಹೇಳಿದರು:

‘ಸಾರ್, ಆ ಮೈಕ್‌ನೋನು ಮೃದಂಗದ ಎಡಗಡೆಗೆ ಮೈಕೇ ಇಟ್ಟಿಲ್ಲ.’